ಒಂದು ಸಾಲು ಅಂದರೆ ಏನು? ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಮ್ಮೂರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. 140 ಜನ ಹಾಲು ಹಾಕುತ್ತಾರೆ. ಎಕ್ಸೆಲ್‌ನಲ್ಲಿ ತಿಂಗಳಿಗೊಂದು ಶೀಟ್. ಒಬ್ಬರಿಗೆ ಒಂದು ಸಾಲು, ದಿನಕ್ಕೆ ಬೆಳಿಗ್ಗೆ, ಸಂಜೆ ಅಂತ ಎರಡು ಕಾಲಂ. ಈಗ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಕೂಡ ಸೇರಿಸಬೇಕು. ಶೀಟ್ ಅಡ್ಡಡ್ಡ ಬೆಳೆಯುತ್ತಲೇ ಇದೆ. ಡೇಟಾಬೇಸ್ ಕಲಿತರೆ ಸರಿಹೋಗುತ್ತಾ? ಎಲ್ಲಿಂದ ಶುರು ಮಾಡಲಿ?
(ಓದುಗರು, ಚನ್ನರಾಯಪಟ್ಟಣ ತಾಲ್ಲೂಕು)

ಉತ್ತರ: ಖಂಡಿತ ಸರಿಹೋಗುತ್ತದೆ. ಡೇಟಾಬೇಸ್ ಅಂದರೆ ಮಾಹಿತಿಯನ್ನು ಸಾಲು, ಕಾಲಂ ಇರುವ ಟೇಬಲ್‌ಗಳಲ್ಲಿ ಜೋಡಿಸಿಡುವ ವ್ಯವಸ್ಥೆ. ಆದರೆ ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಹಾಲು ಹಾಕುವವರೊಬ್ಬರ ಪಾಸ್‌ಬುಕ್ ಇಸ್ಕೊಂಡು ತೆರೆದು ನೋಡಿ.

ನಮ್ಮಮ್ಮನ ಡೇರಿ ಪುಸ್ತಕ ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ನೇತುಹಾಕಿರುತ್ತಿತ್ತು. ಮೇಲೆ ಅಮ್ಮನ ಸದಸ್ಯತ್ವ ನಂಬರ್. ಒಳಗೆ ಒಂದೊಂದು ಸಾಲಿನಲ್ಲೂ ತಾರೀಖು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ದರ ಎಷ್ಟು, ರೂಪಾಯಿ ಎಷ್ಟು. ಅದೇ ನಿಮಗೆ ಬೇಕಾದ ಟೇಬಲ್! ನಿಮ್ಮ ಶೀಟ್‌ನಲ್ಲಿ ಒಂದು ಸಾಲು ಅಂದರೆ ಒಬ್ಬ ಮನುಷ್ಯ. ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಅಂದರೆ ಒಂದು ಸಲ ಹಾಲು ಹಾಕಿದ್ದು. ನಿಮ್ಮ ತೊಂದರೆಯೆಲ್ಲ ಹುಟ್ಟಿದ್ದು ಈ ಒಂದು ವ್ಯತ್ಯಾಸದಿಂದ. 31 ದಿನಕ್ಕೆ 62 ಕಾಲಂ ಇದ್ದದ್ದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಸೇರಿದರೆ 186 ಆಗುತ್ತದೆ. ಪಾಸ್‌ಬುಕ್ಕಿನ ರೀತಿಯಲ್ಲಿ ಬರೆದರೆ ಬರೀ ಎರಡು ಕಾಲಂ ಜಾಸ್ತಿ, ಅಷ್ಟೇ.

ಹಾಗಾಗಿ ಎರಡು ಟೇಬಲ್ ಮಾಡಿ. ಒಂದು ಸದಸ್ಯರದ್ದು: ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ಫೋನ್. ಇನ್ನೊಂದು ಹಾಲಿನದ್ದು: ಸದಸ್ಯರ ನಂಬರ್, ತಾರೀಖು, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ. ಹೆಸರನ್ನು ಹಾಲಿನ ಟೇಬಲ್‌ನಲ್ಲಿ ಬರೆಯಲೇಬೇಡಿ, ನಂಬರ್ ಸಾಕು. ಹೆಸರಲ್ಲಿ ಕಾಗುಣಿತ ತಪ್ಪಿದ್ದರೆ ಒಂದೇ ಕಡೆ ತಿದ್ದಿದರೆ ಆಯಿತು. ಐಬಿಎಂ ಕಂಪ್ಯೂಟರ್ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಬರೆದ ಒಂದು ಲೇಖನದಿಂದ ಈ ಟೇಬಲ್ ಪದ್ಧತಿ ಶುರುವಾಯಿತು. ಇವತ್ತಿಗೂ ಬ್ಯಾಂಕಿನಂಥ ಎಷ್ಟೋ ಕಡೆ ಕೆಲಸಗಳು ನಡೆಯುವುದು ಇದರ ಮೇಲೆಯೇ.

ಗುರುತಿಗೆ ಸದಸ್ಯತ್ವ ನಂಬರನ್ನೇ ಇಟ್ಟುಕೊಳ್ಳಿ. ಇದಕ್ಕೆ ಪ್ರೈಮರಿ ಕೀ ಅನ್ನುತ್ತಾರೆ. ಹೆಸರು ಬೇಡ, ನಿಮ್ಮ ಡೇರಿಯಲ್ಲಿ ಮೂರು ಜನ ಮಂಜೇಗೌಡರು ಇದ್ದೇ ಇರುತ್ತಾರೆ. ಫೋನ್ ನಂಬರೂ ಬೇಡ, ಮಗ ಹೊಸ ಸಿಮ್ ತಂದರೆ ಅಪ್ಪನ ಲೆಕ್ಕವೇ ಕಳೆದುಹೋಗುತ್ತದೆ. ಹಾಲಿನ ಟೇಬಲ್‌ನಲ್ಲಿ ಸದಸ್ಯರ ನಂಬರ್, ತಾರೀಖು, ಹೊತ್ತು ಮೂರನ್ನೂ ಸೇರಿಸಿ ಯುನಿಕ್ ಅಂತ ಹೇಳಿಡಿ. ಆಗ ಒಂದೇ ಹೊತ್ತಿನ ಹಾಲನ್ನು ಎರಡು ಸಲ ಬರೆಯಲು ಹೋದರೆ ಡೇಟಾಬೇಸೇ ತಡೆಯುತ್ತದೆ. ಹಸು, ಎಮ್ಮೆ ಎರಡರ ಹಾಲನ್ನೂ ಬೇರೆ ಬೇರೆ ಹಾಕುವವರಿದ್ದರೆ ಅದಕ್ಕೂ ಒಂದು ಕಾಲಂ ಕೊಟ್ಟು ಯುನಿಕ್‌ಗೆ ಸೇರಿಸಿ.

ಇನ್ನು ದರ. ಅದು ಎಲ್ಲರಿಗೂ ಒಂದೇ ತಾನೆ, ಸಾಲುಸಾಲಿಗೂ ಯಾಕೆ ಬರೆಯಬೇಕು ಅನ್ನಿಸಬಹುದು. ಬರೆಯಲೇಬೇಕು. ಇವತ್ತಿನ ದರ ಒಂದನ್ನೇ ಇಟ್ಟುಕೊಂಡರೆ, ಮುಂದಿನ ತಿಂಗಳು ದರ ಬದಲಾದ ದಿನ ಹಳೇ ಬಟವಾಡೆಯ ಲೆಕ್ಕವೂ ಬದಲಾಗಿ ಕೂರುತ್ತದೆ. ಆವತ್ತು ಕೊಟ್ಟ ದರ ಆವತ್ತಿನ ಸಾಲಿಗೆ ಸೇರಿದ್ದು.

ಒಂದು ಸಂಜೆ ಮೆಷಿನ್ ಕೆಟ್ಟು ಫ್ಯಾಟ್ ನೋಡಲಾಗದಿದ್ದರೆ 0 ಬರೆಯಬೇಡಿ, ಖಾಲಿ ಬಿಡಿ. ಡೇಟಾಬೇಸಿನಲ್ಲಿ ಖಾಲಿ ಜಾಗಕ್ಕೆ ನಲ್ ಅನ್ನುತ್ತಾರೆ. ಮೂರು ಹೊತ್ತಿನಲ್ಲಿ 4, 4, ಖಾಲಿ ಇದ್ದರೆ ಸರಾಸರಿ 4 ಬರುತ್ತದೆ. ಖಾಲಿ ಜಾಗಕ್ಕೆ 0 ಬರೆದರೆ 2.67 ಆಗುತ್ತದೆ. ಪಾಪ, ಹಾಲು ಕೊಟ್ಟವರ ತಪ್ಪೇನು?

ನಿಮ್ಮ ಲೆಕ್ಕಕ್ಕೆ ವರ್ಷಕ್ಕೆ ಒಂದು ಲಕ್ಷ ಸಾಲು ದಾಟುತ್ತದೆ. ಗಾಬರಿ ಬೇಡ. ಎಸ್‌ಕ್ಯುಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ಗೂ ಇದು ಲೆಕ್ಕಕ್ಕಿಲ್ಲ. ಅದು ಪೂರ್ತಿ ಉಚಿತ, ಇಡೀ ಡೇಟಾಬೇಸ್ ಒಂದೇ ಫೈಲ್. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಅದೇ ಇದೆ. ಡಿಬಿ ಬ್ರೌಸರ್ ಅನ್ನುವ ತಂತ್ರಾಂಶ ಹಾಕಿಕೊಂಡರೆ ಎಕ್ಸೆಲ್ ತರಹವೇ ಟೇಬಲ್ ನೋಡುತ್ತಾ ಕಲಿಯಬಹುದು. ಒಂದು ತಿಂಗಳು ಎರಡೂ ಕಡೆ ಬರೆಯಿರಿ. ಎರಡರ ಬಟವಾಡೆ ಮೊತ್ತ ತಾಳೆಯಾದ ಮೇಲೆ ಎಕ್ಸೆಲ್ ನಿಲ್ಲಿಸಿ.

ಪ್ರಶ್ನೆ: ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ಕನ್ನಡದಲ್ಲಿ ಡೇಟಾಬೇಸ್‌ಗೆ ಹಾಕಿದೆ. ತೆರೆದು ನೋಡಿದರೆ ಎಲ್ಲ ಕಡೆ ಪ್ರಶ್ನೆ ಚಿಹ್ನೆಗಳ ಸಾಲು! ಫಾಂಟ್ ತೊಂದರೆಯಾ?
(ಓದುಗರು, ಧಾರವಾಡ)

ಉತ್ತರ: ಫಾಂಟ್ ಅಲ್ಲ. ಫಾಂಟ್ ಇಲ್ಲದಿದ್ದರೆ ಚೌಕದ ಡಬ್ಬಿಗಳು ಕಾಣುತ್ತವೆ. ಅಕ್ಷರ ಒಳಗೆ ಸರಿಯಾಗಿಯೇ ಇರುತ್ತದೆ, ತೋರಿಸಲು ಬರುತ್ತಿಲ್ಲ ಅಷ್ಟೇ. ಇಂಗ್ಲಿಷಿನ 'ಎ' ತಲೆಯ ಮೇಲೆ ಓರೆ ಗೆರೆ, ಅದರ ಪಕ್ಕ ಪುಟ್ಟ 2 ಅಥವಾ 3, ಹೀಗೆ ವಿಚಿತ್ರ ಅಕ್ಷರಗಳು ಮತ್ತೆ ಮತ್ತೆ ಬಂದರೂ ಸಾಮಾನ್ಯವಾಗಿ ಕನ್ನಡ ಒಳಗೆ ಉಳಿದಿರುತ್ತದೆ, ಓದುವ ರೀತಿ ತಪ್ಪಾಗಿರುತ್ತದೆ. ಆದರೆ ಒಳಗೇ ಪ್ರಶ್ನೆ ಚಿಹ್ನೆ ಕೂತಿದ್ದರೆ ನಿಮ್ಮ ಅಕ್ಷರ ಅಲ್ಲಿ ಇಲ್ಲವೇ ಇಲ್ಲ. ಕನ್ನಡ ಹಿಡಿಯದ ಕಾಲಂಗೆ ಕನ್ನಡ ಹಾಕಿದ್ದೀರಿ, ಅದು ಗೊತ್ತಿಲ್ಲದ ಅಕ್ಷರವನ್ನೆಲ್ಲ ಎಸೆದಿದೆ. ಮತ್ತೆ ಹಾಕಲೇಬೇಕು. ಹೇಳಲು ನನಗೂ ಬೇಜಾರು, ಒಂದು ಪಟ್ಟಿ ಟೈಪ್ ಮಾಡುವ ಕಷ್ಟ ಗೊತ್ತು.

ನಿಮ್ಮ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯುಎಲ್ ಆಗಿದ್ದರೆ ಡೇಟಾಬೇಸ್, ಟೇಬಲ್, ಕನೆಕ್ಷನ್ ಮೂರಕ್ಕೂ ಕನ್ನಡ ಹಿಡಿಯುವ 'ಯುಟಿಎಫ್8ಎಂಬಿ4' (utf8mb4) ಅಕ್ಷರ ಪದ್ಧತಿ ಕೊಡಿ. ಎಸ್‌ಕ್ಯುಎಲ್ ಸರ್ವರ್ ಆಗಿದ್ದರೆ ಕಾಲಂ ಕನ್ನಡ ಹಿಡಿಯುವ 'ಎನ್‌ವಾರ್‌ಚಾರ್' (nvarchar) ಬಗೆಯದಿರಲಿ, ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೊಡುವ ಆಜ್ಞೆಯಲ್ಲಿ) ನೇರವಾಗಿ ಬರೆಯುವ ಕನ್ನಡದ ಮುಂದೆ ಇಂಗ್ಲಿಷಿನ ದೊಡ್ಡ 'ಎನ್' (N) ಅಕ್ಷರ ಹಾಕಿ. ಮೊದಲು ಒಂದೇ ಒಂದು ಪುಸ್ತಕದ ಹೆಸರು ಹಾಕಿ ನೋಡಿ. ಸರಿ ಬಂದ ಮೇಲೆ ಉಳಿದದ್ದು.

ಅಳತೆಯ ವಿಷಯವೂ ಒಂದಿದೆ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ಗೆ ಏಳು: ಲ, ಕ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ, ವಿರಾಮ, ಮ, ಇಕಾರದ ಗುಡಿಸು. ಅವನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್ (ಕಂಪ್ಯೂಟರಿನ ಜಾಗದ ಪುಟ್ಟ ಅಳತೆ), ಒಟ್ಟು 21. ಕೆಲವು ಡೇಟಾಬೇಸ್‌ಗಳು ಕಾಲಂ ಅಳತೆಯನ್ನು ಬೈಟ್‌ನಲ್ಲಿ ಎಣಿಸುತ್ತವೆ. ಹೆಸರಿಗೆ 20 ಸಾಕು ಅಂದುಕೊಂಡರೆ ಲಕ್ಷ್ಮಿಯೇ ಹಿಡಿಸುವುದಿಲ್ಲ! ಧಾರಾಳವಾಗಿ ಜಾಗ ಕೊಡಿ.

ಪ್ರಶ್ನೆ: ಬಿಸಿಎ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ ಒಂದು ಸಾಲು ಅಳಿಸಲು ಹೋಗಿ ಪೂರ್ತಿ ಟೇಬಲ್ ಖಾಲಿಯಾಯಿತು. 'ವೇರ್' (ಯಾವ ಸಾಲು ಅಂತ ಹೇಳುವ ಭಾಗ) ಬರೆಯೋದು ಮರೆತಿದ್ದೆ. ವಾಪಸ್ ತರೋಕೆ ಆಗಲ್ವಾ?
(ವಿದ್ಯಾರ್ಥಿನಿ, ತುಮಕೂರು)

ಉತ್ತರ: ಟ್ರಾನ್ಸಾಕ್ಷನ್ (ಒಟ್ಟಿಗೇ ಪಕ್ಕಾ ಅಥವಾ ರದ್ದು ಮಾಡುವ ಆಜ್ಞೆಗಳ ಕಟ್ಟು) ಶುರು ಮಾಡಿದ್ದು, ಕಮಿಟ್ (ಬದಲಾವಣೆ ಪಕ್ಕಾ ಮಾಡುವ ಆಜ್ಞೆ) ಕೊಟ್ಟಿಲ್ಲದಿದ್ದರೆ 'ರೋಲ್‌ಬ್ಯಾಕ್' ಅಂದರೆ ಸಾಕು, ಎಲ್ಲ ವಾಪಸ್. ಟ್ರಾನ್ಸಾಕ್ಷನ್ ಶುರು ಮಾಡದಿದ್ದರೆ ಮೈಎಸ್‌ಕ್ಯುಎಲ್ ತಾನಾಗಿಯೇ ಪ್ರತಿ ಆಜ್ಞೆಯನ್ನೂ ಕಮಿಟ್ ಮಾಡುತ್ತದೆ, ಹಾಗಾಗಿದ್ದರೆ ಬ್ಯಾಕಪ್ ಒಂದೇ ದಾರಿ.

ಇದು ನನಗೂ ಆಗಿದೆ. ಆಗ ನಾನಿದ್ದ ಕಚೇರಿಗೆ ಗ್ರಾಹಕರೊಬ್ಬರು ಮನೆ ಬದಲಾಯಿಸಿದ್ದೇವೆ ಅಂತ ಬಂದರು. ವಿಳಾಸ ತಿದ್ದಲು 'ಅಪ್‌ಡೇಟ್' ಬರೆದೆ, 'ವೇರ್' ಬರೆಯುವ ಮೊದಲೇ ಎಂಟರ್ ಒತ್ತಿಬಿಟ್ಟೆ. ನಾಲ್ಕು ಸಾವಿರ ಚಿಲ್ಲರೆ ಸಾಲು ಬದಲಾಯಿತು ಅಂತ ತೆರೆಯ ಮೇಲೆ ಬಂತು. ಊರಿನವರೆಲ್ಲ ಒಂದೇ ಮನೆಯಲ್ಲಿ! ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ, ಆ ದಿನದ ವೋಚರ್‌ಗಳನ್ನೆಲ್ಲ ಮತ್ತೆ ಟೈಪ್ ಮಾಡಿ ಮುಗಿಸಿದಾಗ ರಾತ್ರಿ ಹನ್ನೊಂದು.

ಅಂದಿನಿಂದ ಅಳಿಸುವ ಮೊದಲು ಅದೇ 'ವೇರ್' ಹಾಕಿ 'ಸೆಲೆಕ್ಟ್' ಮಾಡಿ ಸಾಲುಗಳನ್ನು ಬರೀ ನೋಡುತ್ತೇನೆ. ಎಷ್ಟು ಸಾಲು ಬಂತು ಅಂತ ಎಣಿಸುತ್ತೇನೆ. ಆಮೇಲೆ ಟ್ರಾನ್ಸಾಕ್ಷನ್ ಶುರು, ಡಿಲೀಟ್, ಅಷ್ಟೇ ಸಾಲು ಹೋಗಿದ್ದರೆ ಕಮಿಟ್. ಮೈಎಸ್‌ಕ್ಯುಎಲ್ ಬಳಸಲು ಇರುವ ವರ್ಕ್‌ಬೆಂಚ್ ತಂತ್ರಾಂಶದಲ್ಲಿ, 'ವೇರ್' ಇಲ್ಲದ ಡಿಲೀಟ್, ಅಪ್‌ಡೇಟ್ ತಡೆಯಲು 'ಸೇಫ್ ಅಪ್‌ಡೇಟ್ಸ್' ಅಂತ ಒಂದು ಕಾವಲಿದೆ. ಅಡ್ಡ ಬರುತ್ತೆ ಅಂತ ತುಂಬ ಜನ ತೆಗೆದುಬಿಡುತ್ತಾರೆ. ನೀವು ತೆಗೆಯಬೇಡಿ.

ಪ್ರಶ್ನೆ: ಬಿಲ್ ಪ್ರೋಗ್ರಾಂನಲ್ಲಿ 0.1 + 0.2 ಕೂಡಿದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಕೆಟ್ಟಿದೆಯಾ?
(ಅಂಗಡಿ ಮಾಲೀಕರು, ಉಡುಪಿ)

ಉತ್ತರ: ಕೆಟ್ಟಿಲ್ಲ. 1ನ್ನು 3ರಿಂದ ಭಾಗಿಸಿದರೆ ನಮಗೆ 0.333 ಅಂತ ಮುಗಿಯುವುದೇ ಇಲ್ಲ, ಅಲ್ವಾ? ಸೊನ್ನೆ-ಒಂದರಲ್ಲೇ ಎಣಿಸುವ ಕಂಪ್ಯೂಟರ್‌ಗೆ ಹತ್ತನೇ ಒಂದು ಭಾಗ ಹಾಗೆ ಮುಗಿಯುವುದಿಲ್ಲ. ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. 45.50 ರೂಪಾಯಿ ಅಂದರೆ 4550. ಬಿಲ್ ಮೇಲೆ ತೋರಿಸುವಾಗ ಮಾತ್ರ 100ರಿಂದ ಭಾಗಿಸಿ.

ಪ್ರಶ್ನೆ: ನನಗೆ 43 ವರ್ಷ, ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಇಂಗ್ಲಿಷ್ ಅಷ್ಟಾಗಿ ಬರಲ್ಲ. ಪ್ರೋಗ್ರಾಮಿಂಗ್ ಕಲಿಯೋಕಾಗುತ್ತಾ?
(ಓದುಗರು, ಸಾಗರ)

ಉತ್ತರ: ಆಗುತ್ತದೆ ಅಕ್ಕಾ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಿಂದ ಶುರು ಮಾಡಿ. ಅದರಲ್ಲಿ ಮೀಸಲು ಪದಗಳು (ಭಾಷೆ ತನಗಾಗಿ ಇಟ್ಟುಕೊಂಡ ಇಂಗ್ಲಿಷ್ ಪದಗಳು) ಇರುವುದೇ 35, ದಿನಬಳಕೆಗೆ ಬೇಕಾಗುವುದು ಅದರಲ್ಲೂ ಅರ್ಧ. ನಿಮ್ಮ ಲೆಕ್ಕದ ಹೆಸರುಗಳನ್ನು ನೀವೇ ಇಡಬಹುದು, ಕನ್ನಡದಲ್ಲೇ. 'ಸೊಂಟ = 32', 'ತೋಳು = 18' ಅಂತ ಬರೆದರೆ ಪೈಥಾನ್ 3 ಒಪ್ಪಿಕೊಳ್ಳುತ್ತದೆ. ಎಸ್‌ಕ್ಯುಲೈಟ್ ಕೂಡ ಅದರ ಜೊತೆಗೇ ಬರುತ್ತದೆ, ಬೇರೆ ಹಾಕಬೇಕಿಲ್ಲ. ನಿಮ್ಮ ಅಳತೆ ಪುಸ್ತಕವೇ ಮೊದಲ ಟೇಬಲ್ ಆಗಲಿ. ಒಬ್ಬರ ಅಳತೆ ಎರಡು ವರ್ಷಕ್ಕೆ ಬದಲಾಗುತ್ತದಲ್ಲ, ಹಳೆಯದನ್ನು ಅಳಿಸದೆ ತಾರೀಖು ಹಾಕಿ ಹೊಸ ಸಾಲು ಬರೆಯಿರಿ. ಇನ್ನೊಂದು, ಕನ್ನಡ ಅಂಕಿಯಲ್ಲಿ ೩೨ ಅಂತ ಉದ್ಧರಣ ಚಿಹ್ನೆಯೊಳಗೆ ಟೈಪ್ ಮಾಡಿ, ಬರಹವನ್ನು ಪೂರ್ಣಾಂಕ ಮಾಡಿಕೊಡುವ 'ಇಂಟ್'ಗೆ (int) ಕೊಟ್ಟು ನೋಡಿ. ಪೈಥಾನ್ ಅದನ್ನು 32 ಅಂತಲೇ ಓದುತ್ತದೆ.