ದುಬೈ ಸಲೂನಿನ ಕೆಲಸಕ್ಕೆ ವಿಸಿಟ್ ವೀಸಾದಲ್ಲಿ ಹೋಗಬಹುದೇ?

ಪ್ರಶ್ನೆ: ನನಗೆ 28 ವರ್ಷ. ಬಸವನಗುಡಿಯ ಸಲೂನೊಂದರಲ್ಲಿ ಒಂಬತ್ತು ವರ್ಷಗಳಿಂದ ಹೇರ್ ಸ್ಟೈಲಿಸ್ಟ್ ಆಗಿದ್ದೇನೆ. ಕಟಿಂಗ್, ಕಲರಿಂಗ್, ಕೆರಾಟಿನ್ ಎಲ್ಲವನ್ನೂ ಮಾಡುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಪರಿಚಯದ ಏಜೆಂಟರೊಬ್ಬರು ದುಬೈಯ ಸಲೂನಿನಲ್ಲಿ ತಿಂಗಳಿಗೆ 3,500 ದಿರ್ಹಮ್ ಸಂಬಳದ ಕೆಲಸವಿದೆ, ವಿಸಿಟ್ ವೀಸಾದಲ್ಲಿ ಹೋದರೆ ವರ್ಕ್ ಪರ್ಮಿಟ್ ಅಲ್ಲಿಯೇ ಆಗುತ್ತದೆ ಎಂದು ಹೇಳಿ ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಮನೆಯವರ ಚಿನ್ನ ಅಡವಿಟ್ಟು ಕೊಡಬೇಕೆಂದಿದ್ದೇನೆ. ಲಂಡನ್ ಅಥವಾ ಕೆನಡಾ ಇದಕ್ಕಿಂತ ಒಳ್ಳೆಯದೇ?
— ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಚಿನ್ನ ಅಡವಿಡಬೇಡಿ. ಹೊರದೇಶಕ್ಕೆ ಹೋಗಿ ದುಡಿಯಬೇಕೆಂಬ ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ, ಒಂಬತ್ತು ವರ್ಷ ಪಳಗಿದ ಕೈಗೆ ಬೆಲೆಯೂ ಇದೆ. ಆದರೆ ಏಜೆಂಟರು ತೋರಿಸುತ್ತಿರುವ ದಾರಿಯಲ್ಲಿ ಹೋದರೆ, ಎರಡೂ ದೇಶಗಳ ಕಾನೂನು ನಿಮಗೆ ಕೊಡುವ ರಕ್ಷಣೆ ವಿಮಾನ ಹತ್ತುವ ಮೊದಲೇ ಕೈತಪ್ಪುತ್ತದೆ.

ನೀವು ಹತ್ತನೆಯ ತರಗತಿ ಪಾಸಾಗಿಲ್ಲದ ಕಾರಣ ನಿಮ್ಮ ಪಾಸ್‌ಪೋರ್ಟ್ ಬಹುಶಃ ಇಸಿಆರ್ (ವಲಸೆ ತಪಾಸಣೆ ಅಗತ್ಯವಿರುವ) ವರ್ಗದ್ದಾಗಿರುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಇಂಥ ಪಾಸ್‌ಪೋರ್ಟ್ ಇರುವವರು ಸಂಯುಕ್ತ ಅರಬ್ ಸಂಸ್ಥಾನ, ಸೌದಿ, ಕತಾರ್, ಕುವೈತ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವಾಗ ಕೇಂದ್ರ ಸರ್ಕಾರದ ವಲಸೆ ಅನುಮತಿ ಪಡೆಯಲೇಬೇಕು. ಅನೇಕರು ಇದನ್ನು ಅಡ್ಡಿಯೆಂದು ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಕಡಿಮೆ ಓದಿದ ಕಾರ್ಮಿಕರ ಬೆನ್ನಿಗೆ ನಿಲ್ಲುವ ವ್ಯವಸ್ಥೆ, ಏಕೆಂದರೆ ಅನುಮತಿ ಸಿಗಬೇಕಾದರೆ ಮಾಲೀಕರ ಹೆಸರು, ಸಂಬಳ, ಒಪ್ಪಂದ ಎಲ್ಲವೂ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ದಾಖಲಾಗಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ, ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ, ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಗಳ ವಿಮೆ ದೊರೆಯುತ್ತದೆ. ಪ್ರವಾಸಕ್ಕೆ ಹೋಗುವವರಿಗೆ ಈ ಅನುಮತಿ ಬೇಕಿಲ್ಲ. ನಿಮ್ಮ ಏಜೆಂಟರು ವಿಸಿಟ್ ವೀಸಾದ ಮಾತೆತ್ತಿರುವುದು ಇದೇ ಕಾರಣಕ್ಕೆ ಇರಬಹುದು.

ವಿಸಿಟ್ ವೀಸಾದಲ್ಲಿ ಹೋದವರಿಗೆ ಅಲ್ಲಿದ್ದಾಗಲೇ ವರ್ಕ್ ಪರ್ಮಿಟ್ ಆಗುವುದುಂಟು, ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಪರ್ಮಿಟ್ ಕೈಗೆ ಬರುವವರೆಗೆ ಒಂದು ದಿನ ಕತ್ತರಿ ಹಿಡಿದರೂ ಅದು ಅಕ್ರಮ. ‘ಟ್ರಯಲ್ ನೋಡೋಣ’ ಎಂದು ಒಂದೆರಡು ತಿಂಗಳು ದುಡಿಸಿಕೊಂಡು, ಆಮೇಲೆ ಬೇಡವೆಂದರೆ ನಿಮ್ಮ ಕೈಯಲ್ಲಿ ದೂರು ಕೊಡಲು ಒಪ್ಪಂದದ ಒಂದು ಹಾಳೆಯೂ ಇರುವುದಿಲ್ಲ.

ಹಣದ ವಿಷಯಕ್ಕೆ ಬರೋಣ. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟರು ಕಾರ್ಮಿಕರಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನು, ನೇಮಕಾತಿಯ ವೆಚ್ಚವನ್ನು ಮಾಲೀಕರೇ ಭರಿಸಬೇಕು, ಕಾರ್ಮಿಕರಿಂದ ವಸೂಲಿ ಮಾಡಬಾರದು ಎಂದು ಹೇಳುತ್ತದೆ. ಹಾಗಿರುವಾಗ ಒಂದೂವರೆ ಲಕ್ಷ ಯಾವುದಕ್ಕೆ ಎಂದು ನೀವು ಕೇಳಲೇಬೇಕು.

ಇನ್ನು 3,500 ದಿರ್ಹಮ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಸಲೂನಿನ ಕೆಲಸದಲ್ಲಿ ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ಆ ಮೊತ್ತದಲ್ಲಿ ಮೂಲವೇತನ ಎಷ್ಟು, ಕಮಿಷನ್ ಎಷ್ಟು, ಟಿಪ್ಸ್ ಕೂಡ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಒಂದು ವರ್ಷ ಪೂರೈಸಿದವರಿಗೆ ಸಿಗುವ ಗ್ರಾಚ್ಯುಟಿಯನ್ನು, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳಂತೆ, ಮೂಲವೇತನದ ಮೇಲೆ ಮಾತ್ರ ಲೆಕ್ಕಹಾಕುತ್ತಾರೆ. ಮೂಲವೇತನ 1,500 ದಿರ್ಹಮ್ ಆಗಿದ್ದರೆ ಐದು ವರ್ಷ ದುಡಿದು ಹೊರಡುವಾಗ ಸಿಗುವುದು 5,250. ಅದೇ 3,000 ಆಗಿದ್ದರೆ 10,500. ಗಿರಾಕಿಗಳು ಕಡಿಮೆಯಾಗುವ ತಿಂಗಳುಗಳಲ್ಲಿ ಕಮಿಷನ್ ಇಳಿದಾಗಲೂ ನಿಮ್ಮ ಕೈಹಿಡಿಯುವುದು ಮೂಲವೇತನವೇ.

ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿರುವ ಆಫರ್ ಲೆಟರ್ ನೋಡದೆ ಯಾವುದಕ್ಕೂ ಸಹಿ ಹಾಕಬೇಡಿ. ಪ್ರೊಬೇಷನ್ ಆರು ತಿಂಗಳನ್ನು ಮೀರುವಂತಿಲ್ಲ, ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ.

ಲಂಡನ್ ಸದ್ಯಕ್ಕೆ ಬೇಡ: 2025ರ ಜುಲೈ 22ರಿಂದ ಬ್ರಿಟನ್ ತನ್ನ ನುರಿತ ಕೆಲಸಗಾರರ ವೀಸಾಕ್ಕೆ ಪದವಿಮಟ್ಟದ ಉದ್ಯೋಗವನ್ನು ಸಾಮಾನ್ಯ ನಿಯಮವಾಗಿಸಿದ್ದರಿಂದ ಕೇಶವಿನ್ಯಾಸಕರಿಗೆ ಹೊಸದಾಗಿ ಆ ದಾರಿ ಮುಚ್ಚಿದೆ. ಕೆನಡಾದಲ್ಲಿ ಸಾಮಾನ್ಯವಾಗಿ ಮಾಲೀಕರು ಮೊದಲು ಎಲ್ಎಂಐಎ ಎಂಬ ಸರ್ಕಾರಿ ಅನುಮೋದನೆ ಪಡೆಯಬೇಕು. ಅದರ 1,000 ಡಾಲರ್ ಶುಲ್ಕವನ್ನು ನಿಮ್ಮಿಂದ ಕೇಳುವಂತಿಲ್ಲ. ಒಂಟಾರಿಯೊದಂಥ ಪ್ರಾಂತ್ಯಗಳಲ್ಲಿ ಈ ಕಸುಬಿಗೆ ಪ್ರತ್ಯೇಕ ಪರವಾನಗಿಯೂ ಕಡ್ಡಾಯ.

ಏಜೆಂಟರಿಂದ ಅವರ ನೋಂದಣಿ ಸಂಖ್ಯೆ ಕೇಳಿ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ. ಕೊಡಲು ಹಿಂಜರಿದರೆ ಮಾತುಕತೆ ಅಲ್ಲಿಗೇ ನಿಲ್ಲಲಿ. ಕಾಯುವ ಕಾಲವನ್ನು ವ್ಯರ್ಥ ಮಾಡಬೇಡಿ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದರೆ ಪಾಸ್‌ಪೋರ್ಟಿನ ಇಸಿಆರ್ ವರ್ಗವನ್ನೇ ಬದಲಾಯಿಸಿಕೊಳ್ಳಬಹುದು. ಗಿರಾಕಿಗಳ ಒಪ್ಪಿಗೆ ಪಡೆದು ನಿಮ್ಮ ಕೆಲಸದ ಫೋಟೊಗಳನ್ನು ಜೋಡಿಸಿಡಿ. ಬ್ಲೇಡು, ಕತ್ತರಿಯ ನಡುವೆ ದುಡಿಯುವವರಾದ್ದರಿಂದ ಹೆಪಟೈಟಿಸ್ ಬಿ ಲಸಿಕೆಯನ್ನೂ ಬೆಂಗಳೂರಿನಲ್ಲಿಯೇ ಈಗ ಆರಂಭಿಸಿ, ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕಾಗುತ್ತದೆ.