ಇಂಟರ್‌ಪರ್ಸನಲ್ ಕಮ್ಯುನಿಕೇಶನ್ (ವ್ಯಕ್ತಿ–ವ್ಯಕ್ತಿಯ ನಡುವಿನ ಸಂವಹನ) ಸುಲಭವಾಗಿ ‘ಎ’ ಗ್ರೇಡ್ ಸಿಗುವ ಕೋರ್ಸ್ ಅಂತಾರೆ, ನಿಜವಾ? ಇಂಗ್ಲಿಷ್‌ನಲ್ಲಿ ತಡವರಿಸುವವರು ತಗೋಬಹುದಾ?

ಪಿಯುಸಿ ಮುಗಿಸಿ ಸೀದಾ ಅಮೆರಿಕಕ್ಕೆ ಡಿಗ್ರಿಗೆ ಹೋಗಿದ್ದೀರಿ, ಜನರಲ್ ಎಜುಕೇಶನ್ (ಮುಖ್ಯ ವಿಷಯದ ಹೊರಗೆ ಎಲ್ಲರೂ ಓದಲೇಬೇಕಾದ ಕೋರ್ಸುಗಳು) ಲೆಕ್ಕ ತುಂಬಿಸಲು ಮೂರು ಕ್ರೆಡಿಟ್ ಬೇಕು, ಇಂಗ್ಲಿಷ್ ಕಂಡರೆ ಅಳುಕು. ನಾನೂ ಅಲ್ಲಿಂದಲೇ ಶುರು ಮಾಡಿದವನು. ಆದರೆ ನಿಮ್ಮ ಅಳುಕು ತಪ್ಪು ಜಾಗದಲ್ಲಿದೆ. ಈ ಕೋರ್ಸಿನಲ್ಲಿ ಉಚ್ಚಾರಣೆಗೆ ಯಾರೂ ಅಂಕ ಕಳೆಯುವುದಿಲ್ಲ. ನಿಂತು ಭಾಷಣ ಮಾಡಬೇಕಾದದ್ದು ಪಬ್ಲಿಕ್ ಸ್ಪೀಕಿಂಗ್ ಕೋರ್ಸಿನಲ್ಲಿ. ಇಲ್ಲಿ ಅಂಕ ನಿಂತಿರುವುದು ನೀವು ಬರೆಯುವುದರ ಮೇಲೆ.

ನನಗೆ ಪೆಟ್ಟು ಬಿದ್ದದ್ದು ರಿಲೇಶನ್‌ಶಿಪ್ ಅನಾಲಿಸಿಸ್ ಪೇಪರ್‌ನಲ್ಲಿ. ಸಾಮಾನ್ಯವಾಗಿ ಐದಾರು ಪುಟ, ಎಪಿಎ ಶೈಲಿ (ಆಕರಗಳನ್ನು ಉಲ್ಲೇಖಿಸುವ ಒಂದು ನಿಗದಿತ ಕ್ರಮ). ನಿಮ್ಮದೇ ಒಂದು ಸಂಬಂಧವನ್ನು ಕ್ಲಾಸಿನಲ್ಲಿ ಕಲಿತ ಪರಿಕಲ್ಪನೆಗಳಿಂದ ಬಿಡಿಸಿ ತೋರಿಸಬೇಕು. ನಾನು ರೂಮ್‌ಮೇಟ್ ಜಗಳದ ಕಥೆ ಬರೆದು ಪ್ರತಿ ಪ್ಯಾರಾದ ಕೊನೆಗೆ ಒಂದು ಸಿದ್ಧಾಂತದ ಒಗ್ಗರಣೆ ಹಾಕಿದ್ದೆ. ಹೆಚ್ಚಿನವರು ಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸಂವಹನ ವಿದ್ವಾಂಸ ಮಾರ್ಕ್ ನ್ಯಾಪ್ 1978ರಲ್ಲಿ ಕೊಟ್ಟ ಮಾದರಿಯನ್ನೇ ತಗೊಳ್ಳಿ. ಸಂಬಂಧ ಕೂಡುವುದಕ್ಕೆ ಐದು ಹಂತ, ಕಳಚಿಕೊಳ್ಳುವುದಕ್ಕೆ ಐದು. ‘ನಾವು ಮಾತು ಬಿಟ್ಟೆವು, ಇದು ಸ್ಟ್ಯಾಗ್ನೇಟಿಂಗ್ (ನಿಂತ ನೀರಾಗುವ) ಹಂತ’ ಅಂತ ಬರೆದರೆ ಅದು ವಿಶ್ಲೇಷಣೆ ಅಲ್ಲ, ಚೀಟಿ ಅಂಟಿಸಿದ್ದು ಅಷ್ಟೇ. ಕಳಚಿಕೊಳ್ಳುವ ಐದರಲ್ಲಿ ಮೂರು ಹಂತಗಳಲ್ಲಿ ಮಾತು ಕಡಿಮೆಯಾಗುವುದು ಮೂರು ರೀತಿ. ಬಾಡಿಗೆ, ವೈಫೈ ಬಿಲ್ಲು ಬಿಟ್ಟು ಬೇರೆ ವಿಷಯ ಎತ್ತದಿದ್ದರೆ ಸರ್ಕಮ್‌ಸ್ಕ್ರೈಬಿಂಗ್. ‘ಹೇಳಿದರೆ ಅವನು ಏನಂತಾನೆ ಅಂತ ಗೊತ್ತೇ ಇದೆ’ ಅಂದುಕೊಂಡು ಬಾಯಿ ಮುಚ್ಚಿಕೊಂಡರೆ ಸ್ಟ್ಯಾಗ್ನೇಟಿಂಗ್. ಅವನು ಅಡುಗೆಮನೆಗೆ ಬಂದ ಕೂಡಲೇ ನೀವು ಲೈಬ್ರರಿಗೆ ಹೊರಟರೆ ಅವಾಯ್ಡಿಂಗ್. ಆದ್ದರಿಂದ ಪ್ರತಿ ಪ್ಯಾರಾದಲ್ಲಿ ಮೊದಲು ಪರಿಕಲ್ಪನೆಯ ಅರ್ಥ ಒಂದು ವಾಕ್ಯದಲ್ಲಿ, ಆಮೇಲೆ ಯಾರು ಏನಂದರು, ಏನು ಮಾಡಿದರು ಎಂಬುದು ಇದ್ದದ್ದು ಇದ್ದಹಾಗೆ, ಕೊನೆಗೆ ಇದು ಈ ಹಂತವೇ ಏಕೆ, ಪಕ್ಕದ ಹಂತ ಏಕಲ್ಲ ಎಂಬ ವಾದ. ಅಂಕ ಇರುವುದು ಆ ಕೊನೆಯ ಭಾಗಕ್ಕೆ. ನಾನು ಬರೆಯದೆ ಬಿಟ್ಟದ್ದೂ ಅದನ್ನೇ. ಕಥೆ ಪೇಪರ್‌ನ ಕಾಲು ಭಾಗ ದಾಟಬಾರದು.

ಮಾದರಿ ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ಒಂದು ಪ್ಯಾರಾ ಬರೆಯಿರಿ, ನಮ್ಮವರಿಗೆ ಇದು ಕೈಯಳತೆಯಲ್ಲೇ ಇದೆ. ನ್ಯಾಪ್ ಪ್ರಕಾರ ಬಾಂಡಿಂಗ್, ಅಂದರೆ ನಿಶ್ಚಿತಾರ್ಥ, ಮದುವೆಯಂಥ ಬಹಿರಂಗ ಒಪ್ಪಂದ, ಕೂಡುವ ಹಂತಗಳಲ್ಲಿ ಕೊನೆಯದು. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಅದೇ ಮೊದಲು ಬಂದು, ಮನಸ್ಸು ಬಿಚ್ಚಿ ಮಾತಾಡುವುದು ಆಮೇಲೆ. ಹಂತ ಜಿಗಿಯಬಹುದು ಅಂತ ನ್ಯಾಪ್ ಕೂಡ ಒಪ್ಪುತ್ತಾರೆ, ಅದನ್ನೂ ಹೇಳಿಬಿಡಿ.

ಪರ್ಸೆಪ್ಶನ್ ಚೆಕಿಂಗ್, ಅಂದರೆ ಎದುರಿನವರ ವರ್ತನೆಗೆ ನಾವೇ ಅರ್ಥ ಕಟ್ಟದೆ ಅವರನ್ನೇ ಕೇಳಿ ತಿಳಿಯುವುದು, ಖಂಡಿತ ಬರುತ್ತದೆ, ಕ್ವಿಜ್‌ನಲ್ಲೋ ರೋಲ್‌ಪ್ಲೇಯಲ್ಲೋ. ಮೂರು ಭಾಗ: ಕಂಡ ವರ್ತನೆ, ಅದಕ್ಕೆ ಎರಡು ಸಂಭವನೀಯ ಕಾರಣ, ‘ಏನು ವಿಷಯ?’ ಎಂಬ ಪ್ರಶ್ನೆ. ‘ಮೂರು ದಿನದಿಂದ ಪಾತ್ರೆ ಸಿಂಕಿನಲ್ಲೇ ಇದೆ. ಪರೀಕ್ಷೆಯ ಒತ್ತಡವಾ, ಇಲ್ಲಾ ಈ ವಾರದ ಸರದಿ ನನ್ನದು ಅಂದುಕೊಂಡೆಯಾ? ಏನಾಯಿತು ಹೇಳು.’ ‘ಸೋಮಾರಿತನವಾ, ನನ್ನ ಮೇಲೆ ಉಡಾಫೆಯಾ?’ ಅಂತ ಕೇಳಿದರೆ ಎರಡೂ ಆರೋಪವೇ, ಅಂಕ ಹೋಗುತ್ತದೆ. ಎದುರಿನವನಿಗೆ ಮರ್ಯಾದೆ ಉಳಿಸಿಕೊಳ್ಳಲು ಒಂದು ದಾರಿ ಇರಬೇಕು. ‘ನೀನು ಕೊಳಕ’ ಎನ್ನುವುದು ತೀರ್ಪು, ‘ಪಾತ್ರೆ ಸಿಂಕಿನಲ್ಲಿದೆ’ ಎನ್ನುವುದು ವರ್ಣನೆ. ಎದುರಿನವರನ್ನು ಕೆರಳಿಸಿ ರಕ್ಷಣೆಗಿಳಿಸುವ ಮಾತಿನ ರೀತಿ ಒಂದು ಕಡೆ, ಅದಕ್ಕೆ ಬದಲಾದ ಹಿತವಾದ ರೀತಿ ಇನ್ನೊಂದು ಕಡೆ, ಹೀಗೆ ಜ್ಯಾಕ್ ಗಿಬ್ ಎಂಬ ಸಂಶೋಧಕ 1961ರಲ್ಲಿ ಪಟ್ಟಿ ಮಾಡಿದ ಆರು ಜೋಡಿಗಳಲ್ಲಿ ಮೊದಲನೆಯದೇ ಇದು. ಆರನ್ನೂ ಜೋಡಿಯಾಗಿಯೇ ಕಲಿಯಿರಿ, ಬಿಡಿಬಿಡಿಯಾಗಿ ಕಲಿತರೆ ಪರೀಕ್ಷೆಯಲ್ಲಿ ಕಲಸಿಹೋಗುತ್ತವೆ.

‘ಸಂವಹನದ 93 ಶೇಕಡಾ ಮಾತಿಲ್ಲದೆಯೇ ನಡೆಯುತ್ತದೆ’ ಅಂತ ಮಾತ್ರ ಎಲ್ಲೂ ಬರೆಯಬೇಡಿ. ಈ ಅಂಕಿಯ ಮೂಲವಾದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರ ಪ್ರಯೋಗಗಳಲ್ಲಿ ನೋಡಿದ್ದು ಇಷ್ಟ–ಅನಿಷ್ಟದ ಭಾವವನ್ನು, ಅದೂ ಬಿಡಿ ಪದಗಳನ್ನು ಇಟ್ಟುಕೊಂಡು. ಇಡೀ ಸಂವಹನಕ್ಕೆ ಅದು ಹೊಂದುವುದಿಲ್ಲ. ವಿಷಯ ತಿಳಿದ ಪ್ರೊಫೆಸರ್ ಇದನ್ನು ಕಂಡ ತಕ್ಷಣ ಕೆಂಪು ಗೆರೆ ಎಳೆಯುತ್ತಾರೆ.

ಪೇಪರ್‌ಗೆ ಪ್ರೇಮಭಂಗ, ಅಪ್ಪನ ಜೊತೆಗಿನ ಮನಸ್ತಾಪ ಆರಿಸಿಕೊಳ್ಳಬೇಡಿ. ನೋವು ಹಸಿಯಾಗಿದ್ದರೆ ಎದುರಿನವರ ಪಕ್ಷ ಕಾಣುವುದಿಲ್ಲ, ಪೇಪರ್ ದೂರುಪತ್ರವಾಗುತ್ತದೆ. ರೂಮ್‌ಮೇಟ್, ಲ್ಯಾಬ್ ಪಾರ್ಟ್‌ನರ್ ಸಾಕು, ಹೆಸರು ಬದಲಿಸಿ. ಇನ್ನೊಂದು ವಿಷಯ ಭಾರತದಿಂದ ಹೋದವರಿಗೆ ಗೊತ್ತಿರುವುದಿಲ್ಲ: ಲೈಂಗಿಕ ಕಿರುಕುಳದ ಬಗ್ಗೆ ಏನಾದರೂ ಬರೆದರೆ, ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವವರು ಅದನ್ನು ಟೈಟಲ್ ನೈನ್ ಕಚೇರಿಗೆ (ಲಿಂಗ ತಾರತಮ್ಯ, ಕಿರುಕುಳದ ದೂರು ನೋಡಿಕೊಳ್ಳುವ ವಿಭಾಗ) ತಿಳಿಸಲೇಬೇಕು. ಗುಟ್ಟಾಗಿ ಹೇಳಿಕೊಳ್ಳುವುದಿದ್ದರೆ ಕ್ಯಾಂಪಸ್‌ನ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಿ.

ಇಂಗ್ಲಿಷ್ ನಿಜವಾಗಿ ಅಡ್ಡ ಬರುವುದು ಪಾರ್ಟಿಸಿಪೇಶನ್ ಅಂಕಕ್ಕೆ, ಅಂದರೆ ಕ್ಲಾಸಿನ ಚರ್ಚೆಯಲ್ಲಿ ಮಾತಾಡಿದ್ದಕ್ಕೆ ಕೊಡುವ ಅಂಕಕ್ಕೆ ಮಾತ್ರ. ಅದಕ್ಕೆ ಶೇಕಡಾ ಎಷ್ಟು ಅಂತ ಸಿಲಬಸ್‌ನಲ್ಲಿ (ಪ್ರೊಫೆಸರ್ ಕೊಡುವ ಕೋರ್ಸಿನ ವಿವರಪತ್ರ) ನೋಡಿ. ತುಂಬಾ ಇದ್ದರೆ ಆಡ್–ಡ್ರಾಪ್ (ಕೋರ್ಸ್ ಸೇರಲು, ಬಿಡಲು ಅವಕಾಶವಿರುವ) ಗಡುವಿನ ಒಳಗೇ ಆಫೀಸ್ ಅವರ್ಸ್‌ಗೆ (ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಸಿಗುವ ಸಮಯ) ಹೋಗಿ, ಆನ್‌ಲೈನ್ ಡಿಸ್ಕಶನ್ ಬೋರ್ಡ್‌ನಲ್ಲಿ ಬರೆದದ್ದೂ ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿ. ಇಲ್ಲ ಅಂದರೆ ಬೇರೆಯವರು ಪಾಠ ಮಾಡುವ ಸೆಕ್ಷನ್‌ಗೆ ಬದಲಾಯಿಸಿಕೊಳ್ಳಿ.