ಲುಬ್ಧಕ ಆಗ್ನೇಯದಲ್ಲಿ, ದೂರದರ್ಶಕ ನೈಋತ್ಯದಲ್ಲಿ

ಪ್ರಶ್ನೆ: ಮಗಳಿಗೆಂದು 130 ಮಿ.ಮೀ. ಕನ್ನಡಿಯ, 650 ಮಿ.ಮೀ. ನಾಭಿದೂರದ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಕಂಪ್ಯೂಟರ್ ಚಾಲಿತ ದೂರದರ್ಶಕವನ್ನು ಕೊಂಡಿದ್ದೇನೆ. ಫೆಬ್ರವರಿ 5ರ ರಾತ್ರಿ 8 ಗಂಟೆಗೆ ಅದನ್ನು ತಾರಸಿಯ ಮೇಲೆ ನಿಲ್ಲಿಸಿ, ಕೊಳವೆಯನ್ನು ಉತ್ತರಕ್ಕೆ ತಿರುಗಿಸಿ, ದಿನಾಂಕವನ್ನು 05/02 ಎಂದು ಕೊಟ್ಟು ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಆಯ್ದೆ. ಲುಬ್ಧಕ ಆಗ್ನೇಯದಲ್ಲಿ ಹೊಳೆಯುತ್ತಿದ್ದರೂ ದೂರದರ್ಶಕ ನೈಋತ್ಯಕ್ಕೆ ತಿರುಗಿತು. ಗುಂಡಿಗಳನ್ನು ಒತ್ತಿ ಸರಿಪಡಿಸಿ, ಎರಡನೆಯ ನಕ್ಷತ್ರವಾಗಿ ರೋಹಿಣಿಯನ್ನು ಆಯ್ದಾಗ ಅಲೈನ್‌ಮೆಂಟ್ (ಯಂತ್ರವನ್ನು ಆಕಾಶಕ್ಕೆ ಹೊಂದಿಸುವ ಕೆಲಸ) ವಿಫಲವಾಯಿತು. ಯಂತ್ರ ಕೆಟ್ಟಿದೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ಯಂತ್ರ ಕೆಟ್ಟಿಲ್ಲ, ನೀವು ಹೇಳಿದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. ಇಂತಹ ಹೆಚ್ಚಿನ ದೂರದರ್ಶಕಗಳು ದಿನಾಂಕದಲ್ಲಿ ತಿಂಗಳನ್ನು ಮೊದಲು, ದಿನವನ್ನು ನಂತರ ಓದುತ್ತವೆ. ಆದ್ದರಿಂದ ನಿಮ್ಮ 05/02 ಅದಕ್ಕೆ ಮೇ 2 ಆಯಿತು. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಹುಟ್ಟುವುದರಿಂದ, ಈ 86 ದಿನಗಳ ಅಂತರ ಸುಮಾರು 5 ಗಂಟೆ 40 ನಿಮಿಷಕ್ಕೆ ಸಮ. ಅಂದರೆ ನಿಮ್ಮ ತಾರಸಿಯಲ್ಲಿ ರಾತ್ರಿ 8 ಗಂಟೆಯಾಗಿದ್ದಾಗ ಯಂತ್ರದ ಲೆಕ್ಕದಲ್ಲಿ ಆಕಾಶ ಅದೇ ರಾತ್ರಿಯ 1 ಗಂಟೆ 40 ನಿಮಿಷದ್ದಾಗಿತ್ತು. ಆ ಹೊತ್ತಿಗೆ ಲುಬ್ಧಕ ನೈಋತ್ಯದಲ್ಲೇ ಇರುತ್ತದೆ.

ಸ್ಥಳದ ವಿವರವನ್ನೂ ಒಮ್ಮೆ ನೋಡಿಕೊಳ್ಳಿ. ಚಿತ್ರದುರ್ಗ ಸುಮಾರು 14.23 ಡಿಗ್ರಿ ಉತ್ತರ ಅಕ್ಷಾಂಶ, 76.40 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಮೊಬೈಲ್ ಫೋನು ಹೀಗೆ ದಶಮಾಂಶದಲ್ಲಿ ತೋರಿಸಿದರೂ, ಯಂತ್ರ ಡಿಗ್ರಿ ಮತ್ತು ಕಲೆಗಳಲ್ಲಿ (ಡಿಗ್ರಿಯ ಅರವತ್ತನೇ ಒಂದು ಭಾಗ) ಕೇಳುವುದಾದರೆ 14 ಡಿಗ್ರಿ 14 ಕಲೆ, 76 ಡಿಗ್ರಿ 24 ಕಲೆ ಎಂದು ಕೊಡಬೇಕು. ದಶಮಾಂಶದ ಅಂಕಿಗಳನ್ನೇ ಕಲೆಗಳೆಂದು ಕೊಟ್ಟರೂ ಆ ತಪ್ಪು ಚಿಕ್ಕದು. ಪೂರ್ವದ ಬದಲು ಪಶ್ಚಿಮ ಎಂದು ಉಳಿದುಬಿಟ್ಟರೆ ಮಾತ್ರ ಆಕಾಶವೇ ಅದಲುಬದಲಾಗುತ್ತದೆ. ಕಾಲವಲಯ +5:30, ಬೇಸಿಗೆ ಸಮಯ 'ಇಲ್ಲ'. ನಮ್ಮ ಊರಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 24 ನಿಮಿಷ ಹಿಂದಿರುತ್ತಾನೆಂದು ಬಲ್ಲ ಕೆಲವರು ಅಷ್ಟನ್ನು ಕಳೆದು ಸಮಯ ಕೊಡುವುದನ್ನು ಕಂಡಿದ್ದೇನೆ. ಅದು ಬೇಡ, ರೇಖಾಂಶದಿಂದ ಯಂತ್ರವೇ ಆ ಲೆಕ್ಕ ಮಾಡಿಕೊಳ್ಳುತ್ತದೆ.

ಇನ್ನು ರೋಹಿಣಿ. ಕೈಪಿಡಿಗಳು ಸಾಮಾನ್ಯವಾಗಿ ನಮಗಿಂತ ಬಹಳ ಉತ್ತರದ ನಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಧ್ರುವ ನಕ್ಷತ್ರ ಎತ್ತರದಲ್ಲಿರುತ್ತದೆ, ರೋಹಿಣಿ ಎಂದೂ ನೆತ್ತಿಗೆ ಬರುವುದಿಲ್ಲ. ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಕೇವಲ 14 ಡಿಗ್ರಿ ಮೇಲಿದ್ದು, ಮನೆಯ ಉತ್ತರಕ್ಕೆ ಗುಡ್ಡವಿದ್ದರೆ ಕಾಣುವುದೇ ಇಲ್ಲ. ರೋಹಿಣಿಯೋ, ನೀವು ಹೇಳಿದ ಹೊತ್ತಿನಲ್ಲಿ ನೆತ್ತಿಯಿಂದ ಎರಡು ಮೂರು ಡಿಗ್ರಿಯಷ್ಟೇ ಆಚೆ ಇತ್ತು. ನೆತ್ತಿಯ ಬಳಿ ನಕ್ಷತ್ರವನ್ನು ಕೂದಲೆಳೆಯಷ್ಟು ಸರಿಸಬೇಕಾದರೂ ಮೌಂಟ್ (ಕೊಳವೆಯನ್ನು ಹೊತ್ತು ತಿರುಗಿಸುವ ಭಾಗ) ಅಡ್ಡಡ್ಡಲಾಗಿ ಬಹಳ ಸುತ್ತಬೇಕಾಗುವುದರಿಂದ ಅಲ್ಲಿ ನಿಖರತೆ ಸಿಗುವುದಿಲ್ಲ. ಮೇ ತಿಂಗಳ ನಡುವೆ ರಾತ್ರಿ 11ರ ಸುಮಾರಿಗೆ ಸ್ವಾತಿಯದೂ ಇದೇ ಕಥೆ. ಫೆಬ್ರವರಿಯಲ್ಲಿ ಲುಬ್ಧಕದ ಜೊತೆಗೆ ಉತ್ತರದ ಬ್ರಹ್ಮಹೃದಯ (ಕ್ಯಾಪೆಲ್ಲಾ) ನಕ್ಷತ್ರವನ್ನು ಆಯ್ದುಕೊಳ್ಳಿ. ಎರಡೂ ಹಿತವಾದ ಎತ್ತರದಲ್ಲಿವೆ, ಅವುಗಳ ನಡುವಿನ ಅಂತರ 60 ಡಿಗ್ರಿಗೂ ಹೆಚ್ಚು.

ಫೈಂಡರನ್ನು (ಗುರಿ ಹಿಡಿಯಲು ಕೊಳವೆಯ ಮೇಲಿರುವ ಚಿಕ್ಕ ಸಾಧನ) ಹಗಲಿನಲ್ಲೇ ಹೊಂದಿಸಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಕಿಲೋಮೀಟರಿಗಿಂತ ದೂರವಿರುವ ಮೊಬೈಲ್ ಟವರಿನ ತುದಿ, ಇಲ್ಲವೇ ನಿಮ್ಮ ತಾರಸಿಗೆ ಕಾಣುವುದಾದರೆ ಏಳು ಸುತ್ತಿನ ಕೋಟೆಯ ಒಂದು ಬುರುಜು ಸಾಕು. ಸೂರ್ಯನಿರುವ ದಿಕ್ಕಿಗೆ ಮಾತ್ರ ಕೊಳವೆಯನ್ನು ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಟ್ರೈಪಾಡನ್ನು ಗಾರೆಯವರ ರಸಮಟ್ಟ ಇಟ್ಟು ಸಮಮಾಡಿ, ಕಾಲುಗಳನ್ನು ಪೂರ್ತಿ ಎಳೆಯದೆ ತಗ್ಗಿನಲ್ಲೇ ನಿಲ್ಲಿಸಿ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆ ಗಾಳಿ ನಿಮ್ಮ ಕೊಳವೆಯನ್ನೂ ಅಲುಗಿಸುತ್ತದೆ. ನಕ್ಷತ್ರವನ್ನು ಮೊದಲು 25 ಮಿ.ಮೀ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರ), ಬಳಿಕ 10 ಮಿ.ಮೀ. ಐಪೀಸಿನಲ್ಲಿ ನಡುವಿಗೆ ತಂದು, ಕೊನೆಯ ಸರಿಸುವಿಕೆಯನ್ನು ಮೇಲಿನ ಮತ್ತು ಬಲದ ಗುಂಡಿಗಳಿಂದಷ್ಟೇ ಮಾಡಿದರೆ ಗೇರುಗಳ ಸಡಿಲು ಲೆಕ್ಕವನ್ನು ಕೆಡಿಸುವುದಿಲ್ಲ.

ಪ್ರಶ್ನೆ: ನನ್ನದೂ ಅದೇ ಅಳತೆಯ ದೂರದರ್ಶಕ. ಪೆಟ್ಟಿಗೆಯ ಮೇಲೆ ನೂರಾರು ಪಟ್ಟು ಎಂದಿದೆ, ಆದರೆ ಶನಿ ಕಡಲೆಕಾಳಿಗಿಂತ ಚಿಕ್ಕದಾಗಿ ಕಾಣುತ್ತದೆ. ನಡುವೆ ಯಂತ್ರ ತಾನಾಗಿ ಆರಿ, ಮತ್ತೆ ಮೊದಲಿನಿಂದ ದಿನಾಂಕ ಕೇಳುತ್ತದೆ.
– ಓದುಗರು, ದಾವಣಗೆರೆ

ಉತ್ತರ: ನಾಭಿದೂರವನ್ನು ಐಪೀಸಿನ ಅಳತೆಯಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ; 10 ಮಿ.ಮೀ. ಐಪೀಸಿನಲ್ಲಿ ಅದು 65 ಪಟ್ಟು. ಅಷ್ಟರಲ್ಲಿ ಶನಿ ಚಿಕ್ಕದಾಗಿಯೇ ಕಂಡರೂ, ಬಳೆಯು ನಮಗೆ ಓರೆಯಾಗಿ ತೆರೆದುಕೊಂಡಿರುವ ವರ್ಷಗಳಲ್ಲಿ ಸ್ಪಷ್ಟವಾಗಿ ಗುರುತಾಗುತ್ತದೆ. 130 ಮಿ.ಮೀ. ಕನ್ನಡಿಗೆ 260 ಪಟ್ಟು ಗರಿಷ್ಠ ಮಿತಿಯೆನ್ನಬಹುದು. ಹಗಲೆಲ್ಲ ಕಾದ ಕಾಂಕ್ರೀಟಿನ ತಾರಸಿಯಿಂದ ಬಿಸಿಗಾಳಿ ಏಳುತ್ತಿರುವಾಗ ಅದರ ಅರ್ಧವೂ ದಕ್ಕುವುದಿಲ್ಲ. ಅಂಗಳದ ಮಣ್ಣಿನ ಮೇಲೆ, ತಡರಾತ್ರಿ ನೋಡಿ.

ಯಂತ್ರ ಆರುವುದು ಹೆಚ್ಚಾಗಿ ಪೆನ್‌ಸೆಲ್ಲುಗಳು ಬಳಲಿದಾಗ. ಮೋಟಾರುಗಳು ಓಡತೊಡಗಿದೊಡನೆ ವೋಲ್ಟೇಜ್ ಕುಸಿಯುತ್ತದೆ. 12 ವೋಲ್ಟಿನ ಸೀಲ್ ಮಾಡಿದ ಬ್ಯಾಟರಿಯೊಂದನ್ನು ಇಟ್ಟುಕೊಳ್ಳಿ, ಆದರೆ ಪಿನ್ನಿನ ಒಳತುದಿ ಪ್ಲಸ್ ಆಗಿರಬೇಕೇ ಎಂಬುದನ್ನು ಮೌಂಟಿನ ಮೇಲಿನ ಗುರುತಿನಲ್ಲಿ ನೋಡಿಯೇ ಸಿಕ್ಕಿಸಿ. ವಿದ್ಯುತ್ತು ಸರಿಹೋದ ಮೇಲೆ, ಮೇ ತಿಂಗಳ ನಡುವೆ ರಾತ್ರಿ ಹತ್ತೂವರೆಗೆ ಎನ್‌ಜಿಸಿ (ಆಕಾಶಕಾಯಗಳ ಒಂದು ಪಟ್ಟಿ) 5139 ಎಂದು ಒತ್ತಿ. ಉತ್ತರ ಯುರೋಪಿನವರಿಗೆ ಎಂದೂ ಕಾಣದ ಒಮೇಗಾ ಸೆಂಟಾರಿ ಎಂಬ ಗೋಳಾಕಾರದ ತಾರಾಗುಚ್ಛ, ನಿಮ್ಮ ದಕ್ಷಿಣ ದಿಗಂತದಿಂದ ಸುಮಾರು 28 ಡಿಗ್ರಿ ಮೇಲೆ, ಹಿಟ್ಟು ಚೆಲ್ಲಿದಂತೆ ಕಾಣುತ್ತದೆ.